ತರಬೇತಿಯಲ್ಲಿ ಕಲಿತದ್ದು ತರಗತಿಯಲ್ಲಿ ಉಳಿಯುವಂತೆ ಮುಖ್ಯ ಗುರುಗಳು ಏನು ಮಾಡಬಹುದು?

ಪ್ರಶ್ನೆ: ಮುಖ್ಯ ಶಿಕ್ಷಕಿ, ಹಾನಗಲ್ ತಾಲ್ಲೂಕು

ಎಲ್ಲ ಗುರುಬಂಧುಗಳಿಗೆ ನಮಸ್ಕಾರ. ಈ ವರ್ಷ ಬಡ್ತಿ ಪಡೆದು ಹಾವೇರಿ ಜಿಲ್ಲೆಯ ಒಂದು ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಗೆ ಮುಖ್ಯ ಶಿಕ್ಷಕಿಯಾಗಿ ಬಂದಿದ್ದೇನೆ. ನಮ್ಮ ಸಹಶಿಕ್ಷಕರೆಲ್ಲ ವಿಷಯ ಬಲ್ಲವರು, ಮಕ್ಕಳ ಮೇಲೆ ಅಕ್ಕರೆ ಉಳ್ಳವರು. ತರಬೇತಿಗಳಿಗೂ ತಪ್ಪದೆ ಹೋಗಿ ಬರುತ್ತಾರೆ. ಬಂದ ಮರುವಾರ ಗುಂಪು ಚಟುವಟಿಕೆ, ಚರ್ಚೆ ಎಲ್ಲವೂ ನಡೆಯುತ್ತವೆ. ತಿಂಗಳು ತುಂಬುವಷ್ಟರಲ್ಲಿ ಪಾಠ ಓದಿಸುವುದು, ಹಲಗೆಯ ಮೇಲಿನ ಪ್ರಶ್ನೋತ್ತರ ಬರೆಸುವುದು ಎಂಬ ಹಳೆಯ ಜಾಡೇ ಮತ್ತೆ ಹಿಡಿಯುತ್ತದೆ.

ಕಳೆದ ವಾರ ಐದನೆಯ ತರಗತಿಯ ಗಣಿತದ ಅವಧಿಯಲ್ಲಿ ಹಿಂದಿನ ಸಾಲಿನಲ್ಲಿ ಕುಳಿತಿದ್ದೆ. ಭಿನ್ನರಾಶಿಯ ಪಾಠ. ಶಿಕ್ಷಕರು ರೊಟ್ಟಿಯ ಚಿತ್ರ ಬರೆದು ಚೆನ್ನಾಗಿಯೇ ವಿವರಿಸಿ, "ತಿಳೀತಲ್ಲ?" ಎಂದು ಕೇಳಿದರು; ತರಗತಿಯೆಲ್ಲ ಒಂದೇ ಧ್ವನಿಯಲ್ಲಿ "ತಿಳೀತ್ರೀ ಸರ್" ಎಂದಿತು. ನನ್ನ ಪಕ್ಕದಲ್ಲಿದ್ದ ಬಾಲಕಿಯೂ ಹಾಗೆಯೇ ಕೂಗಿದಳು, ಆದರೆ ಆಕೆಯ ನೋಟ್‌ಬುಕ್ಕಿನಲ್ಲಿ ಮೂರನೇ ಒಂದು ಭಾಗಕ್ಕಿಂತ ನಾಲ್ಕನೇ ಒಂದು ಭಾಗ ದೊಡ್ಡದು ಎಂದು ಬರೆದಿತ್ತು.

ಇದನ್ನು ಶಿಕ್ಷಕರಿಗೆ ಹೇಗೆ ಹೇಳಬೇಕೆಂಬುದು ನನ್ನ ಸಂಕಟ. ಅವರು ಸೇವೆಯಲ್ಲಿ ನನಗಿಂತ ಬಹಳ ಹಿರಿಯರು. ನಾನು ತರಗತಿಯೊಳಗೆ ಕಾಲಿಟ್ಟರೆ ಸಾಕು, ತಪಾಸಣೆಗೆ ಬಂದರೆಂದು ಎಲ್ಲರೂ ಬಿಗಿಯಾಗುತ್ತಾರೆ. ಯಾರ ಮನಸ್ಸನ್ನೂ ನೋಯಿಸದೆ, ಆದರೆ ಮಕ್ಕಳ ಕಲಿಕೆಯಲ್ಲಿ ರಾಜಿಯಾಗದೆ, ಬೋಧನೆಯನ್ನು ಸುಧಾರಿಸಲು ಎಲ್ಲಿಂದ ಆರಂಭಿಸಬೇಕು?

ಉತ್ತರ: ನಿವೃತ್ತ ಉಪನ್ಯಾಸಕ, ಶಿಕ್ಷಕರ ಶಿಕ್ಷಣ, ಧಾರವಾಡ

ಮೇಡಂ ಅವರೇ, ನೀವು ಬಾಲಕಿಯ ನೋಟ್‌ಬುಕ್ಕನ್ನು ನೋಡಿದಿರಿ ಎಂಬುದೇ ಸರಿಯಾದ ಆರಂಭ. ಸಾಮಾನ್ಯವಾಗಿ ತರಗತಿಗೆ ಬಂದವರು ಶಿಕ್ಷಕರನ್ನು ನೋಡುತ್ತಾರೆ. ಧ್ವನಿ, ಹಲಗೆಯ ಬರಹ, ಪಾಠಯೋಜನೆ, ಕಲಿಕೋಪಕರಣ ಇವೆಲ್ಲ ಅವರ ಟಿಪ್ಪಣಿಯಲ್ಲಿ ಬರುತ್ತವೆ, ಮಕ್ಕಳು ಆ ಹೊತ್ತಿನಲ್ಲಿ ಏನು ಯೋಚಿಸುತ್ತಿದ್ದರು ಎಂಬುದೊಂದು ಬರುವುದಿಲ್ಲ.

ತರಬೇತಿಯ ಪರಿಣಾಮ ಏಕೆ ಕರಗುತ್ತದೆ ಎಂಬ ಬಗ್ಗೆ ಅಮೆರಿಕದ ಶಿಕ್ಷಣ ಸಂಶೋಧಕರಾದ ಬ್ರೂಸ್ ಜಾಯ್ಸ್ ಮತ್ತು ಬೆವರ್ಲಿ ಶವರ್ಸ್ ಅವರು 1980ರ ದಶಕದಿಂದ ಬರೆಯುತ್ತ ಬಂದದ್ದು ನಮ್ಮ ಶಾಲೆಗಳಿಗೂ ಅಕ್ಷರಶಃ ಅನ್ವಯಿಸುತ್ತದೆ. ಉಪನ್ಯಾಸ ಕೇಳಿದರೆ ತಿಳಿವಳಿಕೆ ಬರುತ್ತದೆ, ಪ್ರಾತ್ಯಕ್ಷಿಕೆ ನೋಡಿ ಅಭ್ಯಾಸ ಮಾಡಿದರೆ ಕೌಶಲವೂ ಬರುತ್ತದೆ. ಆದರೆ ಅದು ದಿನನಿತ್ಯದ ಪಾಠದಲ್ಲಿ ನೆಲೆಯೂರಬೇಕಾದರೆ ಶಾಲೆಯಲ್ಲಿಯೇ ಯಾರಾದರೂ ಜೊತೆಗಿದ್ದು, ನೋಡಿ, ಮಾತಾಡಿ, ಮತ್ತೆ ಮಾಡಿಸಬೇಕು ಎಂಬುದು ಅವರ ಮಾತಿನ ತಿರುಳು. ನಮ್ಮ ತರಬೇತಿಗಳಲ್ಲಿ ಮೊದಲೆರಡು ಹೇರಳವಾಗಿವೆ, ಮೂರನೆಯದಕ್ಕೆ ದಿಕ್ಕಿಲ್ಲ. ಆ ಸ್ಥಾನವನ್ನು ತುಂಬಬಲ್ಲವರು ಮುಖ್ಯ ಗುರುಗಳು. ಕ್ಲಸ್ಟರಿನ, ಅಂದರೆ ಸುತ್ತಲಿನ ಕೆಲವು ಶಾಲೆಗಳ ಗುಂಪಿನ, ಸಂಪನ್ಮೂಲ ವ್ಯಕ್ತಿ (ಸಿಆರ್‌ಪಿ) ತಿಂಗಳಿಗೊಮ್ಮೆ ಬಂದಾರು. ನೀವು ಪ್ರತಿದಿನ ಅಲ್ಲಿರುತ್ತೀರಿ.

ಆದ್ದರಿಂದ ಇಡೀ ಬೋಧನೆಯನ್ನು ಒಮ್ಮೆಗೇ ಬದಲಿಸಲು ಹೋಗಬೇಡಿ. ಇಡೀ ಶಾಲೆಗೆ ಒಂದೇ ಒಂದು ರೂಢಿಯನ್ನು ಆರಿಸಿಕೊಳ್ಳಿ. ನೀವು ವಿವರಿಸಿದ ಸನ್ನಿವೇಶದಲ್ಲಿ ಅದು ಸ್ಪಷ್ಟವಾಗಿಯೇ ಇದೆ: "ತಿಳೀತಲ್ಲ?" ಎಂಬ ಪ್ರಶ್ನೆಯ ಬದಲು, ಪ್ರತಿ ಮಗುವೂ ಉತ್ತರ ಬರೆದು ತೋರಿಸಬೇಕಾದ ಪ್ರಶ್ನೆ. ಇದಕ್ಕೆ ಬೇಕಾದದ್ದು ಪಾಟಿ ಮತ್ತು ಬಳಪ ಮಾತ್ರ. ವಿವರಣೆ ಮುಗಿದೊಡನೆ "ಮೂರನೇ ಒಂದು, ನಾಲ್ಕನೇ ಒಂದು, ಇವುಗಳಲ್ಲಿ ಯಾವುದು ದೊಡ್ಡದು? ಮಾತಾಡದೆ ಬರೆಯಿರಿ" ಎಂದು ಹೇಳಿ, ಎಲ್ಲರೂ ಬರೆಯುವವರೆಗೆ ಕಾದು, ಒಮ್ಮೆಗೇ ಪಾಟಿ ಎತ್ತಿಸಿದರೆ, ಯಾರಿಗೆ ತಿಳಿದಿದೆ, ಯಾರಿಗೆ ತಿಳಿದಿಲ್ಲ ಎಂಬುದು ಅರ್ಧ ನಿಮಿಷದಲ್ಲಿ ಶಿಕ್ಷಕರ ಕಣ್ಣಮುಂದೆ ಇರುತ್ತದೆ. ನಾಲ್ಕು ಮೂರಕ್ಕಿಂತ ದೊಡ್ಡದು, ಹಾಗಾಗಿ ನಾಲ್ಕನೇ ಒಂದೂ ದೊಡ್ಡದು ಎಂದು ಮಕ್ಕಳು ಯೋಚಿಸುವುದು ಬಹಳ ಸಹಜ. ಪೂರ್ಣಸಂಖ್ಯೆಗಳಲ್ಲಿ ಕಲಿತ ನಿಯಮವನ್ನು ಅವರು ನಿಷ್ಠೆಯಿಂದ ಇಲ್ಲಿಗೂ ತಂದಿರುತ್ತಾರೆ. ಅದು ಹೊರಗೆ ಕಂಡಾಗಲೇ ಒಂದೇ ರೊಟ್ಟಿಯನ್ನು ಮೂವರಿಗೆ ಹಂಚುವುದು, ನಾಲ್ವರಿಗೆ ಹಂಚುವುದು ಎಂಬ ಹೋಲಿಕೆಯಿಂದ ತಿದ್ದಲು ಸಾಧ್ಯ.

ಅಮೆರಿಕದ ಶಿಕ್ಷಣ ಮನೋವಿಜ್ಞಾನಿ ಬರಾಕ್ ರೋಸೆನ್‌ಶೈನ್ ಅವರು 2012ರಲ್ಲಿ ಪರಿಣಾಮಕಾರಿ ಬೋಧನೆಯ ತತ್ವಗಳನ್ನು ಒಟ್ಟುಗೂಡಿಸಿದಾಗ, ಹಿಂದಿನ ಪಾಠದ ಮರುಸ್ಮರಣೆ, ಸಣ್ಣ ಸಣ್ಣ ಹಂತಗಳಲ್ಲಿ ವಿವರಣೆ, ಜೊತೆಗೂಡಿ ಅಭ್ಯಾಸ ಇವುಗಳ ನಡುವೆ ಎಲ್ಲ ಮಕ್ಕಳ ಗ್ರಹಿಕೆಯನ್ನು ಪರೀಕ್ಷಿಸುವುದನ್ನೂ ಇರಿಸಿದರು. ಅಲ್ಲದೆ, ಕಾಯುವುದು ಸಹ ಬೋಧನೆಯ ಭಾಗವೇ. ಶಿಕ್ಷಕರು ಪ್ರಶ್ನೆ ಕೇಳಿ ಸಾಮಾನ್ಯವಾಗಿ ಒಂದು ಸೆಕೆಂಡಿನಷ್ಟು ಮಾತ್ರ ಕಾಯುತ್ತಾರೆ, ಮೂರು ಸೆಕೆಂಡು ಅಥವಾ ಹೆಚ್ಚು ಕಾದರೆ ಉತ್ತರಗಳು ದೀರ್ಘವಾಗುತ್ತವೆ, ಸುಮ್ಮನಿರುವ ಮಕ್ಕಳೂ ಮಾತಾಡುತ್ತಾರೆ ಎಂದು ಅಲ್ಲಿನವರೇ ಆದ ಶಿಕ್ಷಣ ಸಂಶೋಧಕಿ ಮೇರಿ ಬಡ್ ರೋ ಅವರು 1970ರ ದಶಕದಲ್ಲಿಯೇ ತೋರಿಸಿದ್ದರು.

ಇನ್ನು ಹಿರಿಯ ಶಿಕ್ಷಕರ ವಿಚಾರ. ಮೊದಲು ನಿಮ್ಮ ಪಾಠವನ್ನು ನೋಡಲು ಅವರನ್ನೇ ಕರೆಯಿರಿ. "ಸರ್, ನಾನು ಆರನೆಯ ತರಗತಿಯಲ್ಲಿ ಪಾಟಿ ಎತ್ತಿಸಿ ಕೇಳುತ್ತೇನೆ, ಯಾವ ಮಕ್ಕಳು ಪಕ್ಕದವರನ್ನು ನೋಡಿ ಬರೆಯುತ್ತಾರೆ ಎಂಬುದನ್ನು ದಯವಿಟ್ಟು ಗಮನಿಸಿ ಹೇಳಿರಿ" ಎಂದು ಕೇಳಿರಿ. ಸಲಹೆ ಪಡೆಯುವ ಸ್ಥಾನದಲ್ಲಿ ನೀವು ಮೊದಲು ನಿಂತರೆ, ಆ ಸ್ಥಾನ ಯಾರಿಗೂ ಅವಮಾನಕರವಾಗಿ ಉಳಿಯುವುದಿಲ್ಲ. ನಂತರ ಅವರ ತರಗತಿಗೆ ಹೋದಾಗ ಹತ್ತು ನಿಮಿಷ ಕುಳಿತರೆ ಸಾಕು. ಹೊರಬಂದ ಮೇಲೆ ನೀವು ಕಂಡದ್ದನ್ನು ಮೊದಲು ಹೇಳಿ, "ಮುಂದಿನ ಅವಧಿಯಲ್ಲಿ ಏನು ಮಾಡೋಣ?" ಎಂದು ಕೇಳಿ, ಒಂದೇ ಒಂದು ಹೆಜ್ಜೆಯನ್ನು ಇಬ್ಬರೂ ಸೇರಿ ತೀರ್ಮಾನಿಸಿರಿ. ಈ ಮಾತುಕತೆಯನ್ನು ಯಾವ ಸಂದರ್ಶನ ವಹಿಯಲ್ಲಿಯೂ ದಾಖಲಿಸಬೇಡಿ.

ಉತ್ತರ: ಸಹಶಿಕ್ಷಕಿ, ನರಗುಂದ ತಾಲ್ಲೂಕು

ಹಿರಿಯರ ಮಾತು ಒಪ್ಪುವಂಥದ್ದೇ. ಆದರೂ ತರಗತಿಯಲ್ಲಿ ನಿಂತವಳಾಗಿ ಒಂದು ಮಾತು ಸೇರಿಸಬೇಕೆನಿಸುತ್ತದೆ. ಪಾಟಿ ಎತ್ತಿಸಿದಾಗ ಅರ್ಧ ತರಗತಿಯ ಉತ್ತರ ತಪ್ಪಾಗಿದ್ದರೆ ಮುಂದೇನು? ಪಾಠ ಹಿಂದೆ ಬೀಳುತ್ತದೆ. ರೂಪಣಾತ್ಮಕ ಮೌಲ್ಯಮಾಪನದ (ವರ್ಷದ ನಡುನಡುವೆ ನಡೆಯುವ ಕಲಿಕೆಯ ಪರೀಕ್ಷೆಯ) ದಿನಾಂಕ ಹತ್ತಿರ ಬಂದಿರುತ್ತದೆ, ಸ್ಯಾಟ್ಸ್ ಎಂಬ ವಿದ್ಯಾರ್ಥಿ ಮಾಹಿತಿಯ ಆನ್‌ಲೈನ್ ವ್ಯವಸ್ಥೆಯಲ್ಲಿ ನಮೂದಿಸುವ ಕೆಲಸ ಬಾಕಿ ಇರುತ್ತದೆ, ಬಿಸಿಯೂಟದ ಲೆಕ್ಕವೂ ಶಿಕ್ಷಕರ ಮೇಲೆಯೇ. ನಮ್ಮವರು ಹಳೆಯ ಜಾಡಿಗೆ ಮರಳುವುದು ಮನಸ್ಸಿಲ್ಲದ್ದರಿಂದಲ್ಲ, ತಪ್ಪು ಕಂಡ ಮೇಲೆ ನಿಂತು ತಿದ್ದಲು ಯಾರೂ ಅನುಮತಿ ಕೊಡದ್ದರಿಂದ. ಮುಖ್ಯ ಗುರುಗಳು "ಈ ಘಟಕ ಒಂದು ವಾರ ತಡವಾದರೂ ಚಿಂತೆಯಿಲ್ಲ, ಮೇಲಿನವರು ಕೇಳಿದರೆ ನಾನು ಉತ್ತರಿಸುತ್ತೇನೆ" ಎಂದು ಬಾಯಿಬಿಟ್ಟು ಹೇಳಿದರೆ, ಅದು ಹತ್ತು ತರಬೇತಿಗಳಿಗಿಂತ ಹೆಚ್ಚು ಕೆಲಸ ಮಾಡುತ್ತದೆ. ದಯವಿಟ್ಟು ಇದಕ್ಕಾಗಿ ಹೊಸ ನಮೂನೆ, ಹೊಸ ರಿಜಿಸ್ಟರ್ ಮಾತ್ರ ತರಬೇಡಿ.

ಉತ್ತರ: ಸಿಆರ್‌ಪಿ, ಕುಂದಗೋಳ ತಾಲ್ಲೂಕು

ಅಕ್ಕೋರು ಹೇಳಿದ್ದು ನಿಜ, ಮತ್ತು ಅದರಲ್ಲಿ ನಮ್ಮ ಪಾಲಿನ ಹೊಣೆಯೂ ಇದೆ. ಕ್ಲಸ್ಟರ್ ಸಮಾಲೋಚನಾ ಸಭೆಗಳು ಸುತ್ತೋಲೆ ಓದುವುದರಲ್ಲಿ, ಮಾಹಿತಿ ಸಂಗ್ರಹಿಸುವುದರಲ್ಲಿ ಮುಗಿದುಹೋಗುತ್ತವೆ. ಸುತ್ತೋಲೆಗಳನ್ನು ಹಿಂದಿನ ದಿನವೇ ವಾಟ್ಸ್‌ಆ್ಯಪ್‌ನಲ್ಲಿ ಕಳುಹಿಸಿ, ಸಭೆಯ ಮೊದಲ ಒಂದು ಗಂಟೆಯನ್ನು ಮಕ್ಕಳ ಬರಹಕ್ಕೆ ಮೀಸಲಿಡಬಹುದು. ಪ್ರತಿಯೊಬ್ಬರೂ ಒಂದು ತಪ್ಪು ಉತ್ತರವಿರುವ ನೋಟ್‌ಬುಕ್ ತರಬೇಕು. ಆ ಮಗು ಹಾಗೆ ಏಕೆ ಯೋಚಿಸಿತು, ಅದನ್ನು ತಿದ್ದಲು ಯಾವ ಪ್ರಶ್ನೆ ಕೇಳಬೇಕು ಎಂಬುದಷ್ಟೇ ಚರ್ಚೆ. ರಾಷ್ಟ್ರೀಯ ಶಿಕ್ಷಣ ನೀತಿ 2020 ಶಿಕ್ಷಕರಿಗೂ ಮುಖ್ಯ ಗುರುಗಳಿಗೂ ವರ್ಷಕ್ಕೆ ಕನಿಷ್ಠ 50 ಗಂಟೆಗಳ ನಿರಂತರ ವೃತ್ತಿಪರ ಅಭಿವೃದ್ಧಿಯನ್ನು ಸೂಚಿಸಿದೆ. ಆ ಗಂಟೆಗಳನ್ನು ಹೀಗೆ ಬಳಸಿದರೆ ಸಾರ್ಥಕ.

ನಮ್ಮ ರಾಜ್ಯದಲ್ಲಿಯೇ ಇದಕ್ಕೊಂದು ಮಾದರಿ ಇದೆ. 1995ರಲ್ಲಿ ಮೈಸೂರು ಜಿಲ್ಲೆಯ ಎಚ್.ಡಿ. ಕೋಟೆ ತಾಲ್ಲೂಕಿನಲ್ಲಿ ನಲಿ-ಕಲಿ ಎಂಬ ಚಟುವಟಿಕೆ ಆಧಾರಿತ ಕಲಿಕಾ ಪದ್ಧತಿ ಆರಂಭವಾದದ್ದು ಆದೇಶದಿಂದ ಮಾತ್ರವಲ್ಲ. ಅಲ್ಲಿನ ಶಿಕ್ಷಕರು ಆಂಧ್ರಪ್ರದೇಶದ ಋಷಿವ್ಯಾಲಿ ಶಾಲೆಗೆ ಹೋಗಿ ತರಗತಿಗಳನ್ನು ಕಣ್ಣಾರೆ ಕಂಡು, ಹಿಂದಿರುಗಿ ಕಲಿಕಾ ಕಾರ್ಡುಗಳನ್ನು ತಾವೇ ರೂಪಿಸಿದರು. ಮುಂದೆ 2009-10ರಲ್ಲಿ ರಾಜ್ಯಾದ್ಯಂತ ವಿಸ್ತರಿಸಿದಾಗ ಹಲವೆಡೆ ಕಾರ್ಡುಗಳು, ಮಕ್ಕಳ ಗುಂಪುಗಳನ್ನು ಗುರುತಿಸುವ ತಟ್ಟೆಗಳು ಶಾಲೆಗೆ ಬಂದವು, ಆದರೆ ಕಣ್ಣಾರೆ ಕಾಣುವ ಆ ಅವಕಾಶ ಅದೇ ಪ್ರಮಾಣದಲ್ಲಿ ಬರಲಿಲ್ಲ ಎಂಬುದು ನನ್ನ ಅಭಿಪ್ರಾಯ. ಹೀಗಾಗಿ ನಿಮ್ಮ ಕ್ಲಸ್ಟರಿನಲ್ಲಿ ಚೆನ್ನಾಗಿ ನಡೆಯುತ್ತಿರುವ ಒಂದು ತರಗತಿಗೆ ನಿಮ್ಮ ಶಿಕ್ಷಕರನ್ನು ಕಳುಹಿಸಿಕೊಡಲು ಸಿಆರ್‌ಪಿ ಅವರನ್ನು ಕೇಳಿರಿ.

ಪ್ರತಿಕ್ರಿಯೆ: ಮುಖ್ಯ ಶಿಕ್ಷಕಿ, ಹಾನಗಲ್ ತಾಲ್ಲೂಕು

ಎಲ್ಲರಿಗೂ ಕೃತಜ್ಞತೆಗಳು. ಬರುವ ಸೋಮವಾರ ನನ್ನ ಆರನೆಯ ತರಗತಿಯ ಪಾಠಕ್ಕೆ ಆ ಹಿರಿಯ ಶಿಕ್ಷಕರನ್ನು ಆಹ್ವಾನಿಸುತ್ತೇನೆ. ಒಂದು ಸಂದೇಹ ಉಳಿದಿದೆ: ಮೆಣಸಿನಕಾಯಿ ಬಿಡಿಸುವ ಕಾಲದಲ್ಲಿ ಅನೇಕ ಮಕ್ಕಳು ವಾರಗಟ್ಟಲೆ ಶಾಲೆಗೆ ಬರುವುದಿಲ್ಲ. ಅವರು ಮರಳಿದಾಗ ಎಲ್ಲರೊಡನೆ ಪಾಟಿ ಎತ್ತಿಸಿದರೆ ಮುಜುಗರಪಡುವುದಿಲ್ಲವೇ?

ಉತ್ತರ: ನಿವೃತ್ತ ಉಪನ್ಯಾಸಕ, ಧಾರವಾಡ

ಪಾಟಿಯನ್ನು ಶಿಕ್ಷಕರ ಕಡೆಗೆ ಮಾತ್ರ ತಿರುಗಿಸಿ ಹಿಡಿಯಲು ಕಲಿಸಿರಿ, ತಪ್ಪು ಬರೆದವರ ಹೆಸರನ್ನು ಎಂದಿಗೂ ಕೂಗಿ ಹೇಳದಿರಿ. ಬಹುದಿನ ಗೈರಾಗಿ ಬಂದ ಮಕ್ಕಳಿಗೆ ಮೊದಲ ಪ್ರಶ್ನೆ ಅವರು ಬಿಟ್ಟುಹೋದ ಪಾಠದ್ದಾಗಿರದೆ, ಹೋಗುವ ಮೊದಲು ಕಲಿತಿದ್ದ ಪಾಠದ್ದಾಗಿರಲಿ. ಅವರು ಎಲ್ಲಿ ನಿಂತಿದ್ದಾರೆ ಎಂಬುದು ನಿಮಗೆ ತಿಳಿಯುತ್ತದೆ, ಒಂದು ಸರಿಯುತ್ತರವನ್ನು ಎತ್ತಿ ತೋರಿಸುವ ಅವಕಾಶವೂ ಅವರಿಗೆ ಮೊದಲ ದಿನವೇ ಸಿಗುತ್ತದೆ. ಉಳಿದದ್ದನ್ನು ಬೆಳಗಿನ ಮೊದಲ ಅವಧಿಗೂ ಮುನ್ನ ಒಬ್ಬ ಶಿಕ್ಷಕರು ಆ ಮಕ್ಕಳೊಡನೆ ಸಣ್ಣ ಗುಂಪಿನಲ್ಲಿ ಕುಳಿತು ಮಾಡಿಸಬಹುದು. ಯಾರು, ಯಾವ ದಿನ ಎಂಬುದನ್ನು ವೇಳಾಪಟ್ಟಿಯಲ್ಲಿಯೇ ಬರೆದಿಡಿರಿ.