ಸಿಸಿಲಿ, ಮಾಲ್ಟಾ ಪ್ರವಾಸ: ಕಾರೋ ಬಸ್ಸೋ? ಅನುಭವ ಇದ್ದವರು ಹೇಳಿ

ಹೊಸ ಪಯಣಿಗ: ಮೇ ತಿಂಗಳಲ್ಲಿ ಅಪ್ಪ, ಅಮ್ಮನ ಜೊತೆ ಹತ್ತು ದಿನ. ಇಟಲಿಯ ಸಿಸಿಲಿ ದ್ವೀಪದ ಪಲೆರ್ಮೊ, ಅಗ್ರಿಜೆಂಟೊ, ಸಿರಾಕ್ಯೂಸ್ ನೋಡಿ ಹಡಗಿನಲ್ಲಿ ಮಾಲ್ಟಾದ ವಲೆಟ್ಟಾಗೆ. ಅಪ್ಪನಿಗೆ ಮಂಡಿನೋವು. ಕಾರು ಬಾಡಿಗೆಗೆ ತಗೊಳ್ಳೋದಾ, ಬಸ್ಸು ರೈಲು ಸಾಕಾ?

ತುಂಗಾತೀರ: ಕಾರು ಬೇಡವೇ ಬೇಡ. ಪಲೆರ್ಮೊದ ಹಳೇ ಊರು, ಸಿರಾಕ್ಯೂಸಿನ ಒರ್ಟೀಜಿಯಾ ದ್ವೀಪ ಎರಡೂ ಝಡ್‌ಟಿಎಲ್. ಅಂದ್ರೆ ಪರವಾನಗಿ ಇಲ್ಲದ ಕಾರು ಹೊಗಕೂಡದ ಜಾಗ. ಗೇಟು ಇರಲ್ಲ, ಕ್ಯಾಮೆರಾ ಮಾತ್ರ. ದಂಡ ಬರೋಕೆ ಮುಂಚೆ ಬಾಡಿಗೆ ಕಂಪನಿ ನಿಮ್ಮ ವಿಳಾಸವನ್ನ ಪೊಲೀಸರಿಗೆ ಕೊಟ್ಟಿದ್ದಕ್ಕೇ ಕಾರ್ಡಿನಿಂದ ಬೇರೆ ಶುಲ್ಕ ಎಳ್ಕೊಳ್ಳುತ್ತೆ. ಅಸಲು ನೋಟಿಸು ಎಷ್ಟೋ ತಿಂಗಳ ಮೇಲೆ ಮನೆ ಬಾಗಿಲಿಗೆ. ಎರಡು ಸಲ ಹೊಕ್ಕರೆ ಎರಡು ದಂಡ, ಎರಡು ಶುಲ್ಕ. ಇದರ ಮೇಲೆ ಡೆಪಾಸಿಟ್ಟು: ಡ್ರೈವರ್ ಹೆಸರಲ್ಲೇ ಕ್ರೆಡಿಟ್ ಕಾರ್ಡ್ ಬೇಕು, ಡೆಬಿಟ್ ಕಾರ್ಡ್ ತೋರಿಸಿದರೆ ಬಹಳಷ್ಟು ಕೌಂಟರಲ್ಲಿ ಕೀಲಿ ಕೊಡಲ್ಲ. ಪಲೆರ್ಮೊದಿಂದ ಅಗ್ರಿಜೆಂಟೊಗೆ ರೈಲಲ್ಲಿ ಸುಮಾರು ಎರಡು ಗಂಟೆ. ಕಾಗದದ ಟಿಕೆಟ್ ಆದರೆ ಹತ್ತೋ ಮುಂಚೆ ಮಷೀನಲ್ಲಿ ಮುದ್ರೆ ಒತ್ತಿಸಿ, ಇಲ್ಲದಿದ್ದರೆ ಟಿಕೆಟ್ ಇದ್ದೂ ದಂಡ. ಪಲೆರ್ಮೊ ಪಕ್ಕದ ಮೊನ್ರಿಯಾಲೆ ಊರಿಗೆ ಇಂಡಿಪೆಂಡೆನ್ಸಾ ಚೌಕದಿಂದ 389 ನಂಬರಿನ ಬಸ್ಸು.

ಹೆದ್ದಾರಿ ಪ್ರಿಯ: ಬಸ್ಸು ನಂಬಿದವರು ಪಿಯಾಟ್ಸಾ ಅರ್ಮೆರೀನಾದ ರೋಮನ್ ವಿಲ್ಲಾ ಬಿಟ್ಟೇ ಬರ್ತಾರೆ, ಆಮೇಲೆ ಸಿಸಿಲಿ ನೋಡಿದ್ವಿ ಅಂತಾರೆ. ಸುಮಾರು 3,500 ಚದರ ಮೀಟರ್ ನೆಲಚಿತ್ರ! ಬಸ್ಸು ಊರಿಗೆ ಹೋಗುತ್ತೆ, ವಿಲ್ಲಾ ಊರಾಚೆ ಕೆಲವು ಕಿಲೋಮೀಟರ್. ಝಡ್‌ಟಿಎಲ್‌ಗೆ ಹೆದರೋದು ಏನಿದೆ? ಪಲೆರ್ಮೊ ಮುಗಿದ ಮೇಲೆ ಕಾರು ತಗೊಳ್ಳಿ, ಒರ್ಟೀಜಿಯಾ ಸೇತುವೆಗೆ ಮುಂಚೆಯೇ ನಿಲ್ಲಿಸಿ. ಪಾರ್ಕಿಂಗಿನ ನೀಲಿ ಗೆರೆ ದುಡ್ಡಿಗೆ, ಬಿಳಿ ಪುಕ್ಕಟೆ, ಹಳದಿ ಕಾಯ್ದಿರಿಸಿದ್ದು. ಆರ್‌ಟಿಒದಲ್ಲಿ 1,000 ರೂಪಾಯಿ ಕಟ್ಟಿ ಅಂತರರಾಷ್ಟ್ರೀಯ ಪರ್ಮಿಟ್ ಮಾಡಿಸಿ. ಬರೀ ನಮ್ಮ ಲೈಸೆನ್ಸ್ ಅಲ್ಲಿ ನಡೆಯಲ್ಲ.

ತುಂಗಾತೀರ: ಭಯ ಹುಟ್ಟಿಸ್ತಿಲ್ಲ, ಬಿಲ್ಲು ಹೇಳ್ತಿದೀನಿ. ನಿಮ್ಮ ಲೆಕ್ಕದಲ್ಲಿ ವಿಮೆಯ ಎಕ್ಸೆಸ್, ಅಂದ್ರೆ ವಿಮೆ ಇದ್ದರೂ ನಾವೇ ಕೊಡಬೇಕಾದ ಪಾಲು, ಎಲ್ಲಿದೆ? ಕನ್ನಡಿ ಗೀರಿದರೂ ಡೆಪಾಸಿಟ್ಟಿಂದಲೇ ಕಳೀತಾರೆ.

ಎರಡನೇ ವೀಸಾ: ಕಾರು ಆಮೇಲೆ, ಮೊದಲು ರಾತ್ರಿಗಳನ್ನ ಎಣಿಸಿ. ಇಟಲಿಯೋ ಮಾಲ್ಟಾವೋ, ಹೆಚ್ಚು ರಾತ್ರಿ ಎಲ್ಲೋ ಆ ದೇಶಕ್ಕೇ ಷೆಂಗೆನ್ (ಯುರೋಪಿನ ಹಲವು ದೇಶಗಳಿಗೆ ಒಂದೇ ವೀಸಾ) ಅರ್ಜಿ. 90 ಯೂರೋ ಶುಲ್ಕ, ಸೇವಾ ಕೇಂದ್ರದ್ದು ಬೇರೆ. ತಿರಸ್ಕಾರ ಆದರೆ ಬಿಡಿಗಾಸೂ ವಾಪಸಿಲ್ಲ. ವಿಮೆ 30,000 ಯೂರೋಗೆ ಕಡಿಮೆ ಇರಕೂಡದು. ಮಾಲ್ಟಾದ ಹೈಪೋಜಿಯಂ ಅನ್ನೋ ಇತಿಹಾಸಪೂರ್ವ ಕಾಲದ ನೆಲದಡಿಯ ಸಮಾಧಿ ತಾಣಕ್ಕೆ ಒಂದು ಸಲಕ್ಕೆ ಹತ್ತೇ ಜನ, ಟಿಕೆಟ್ಟು ತಿಂಗಳುಗಟ್ಟಲೆ ಮುಂಚೆ ಖಾಲಿ. ವೀಸಾ ಬರಲಿ ಅಂತ ಕಾದರೆ ಟಿಕೆಟ್ ಸಿಗಲ್ಲ. ಟಿಕೆಟ್ ತಗೊಂಡು ವೀಸಾ ಬರದಿದ್ದರೆ ಆ ದುಡ್ಡೂ ಹೋಯ್ತು. ಸಿಸಿಲಿಯ ಪೊಟ್ಸಾಲ್ಲೊ ಬಂದರಿಂದ ವಲೆಟ್ಟಾಗೆ ಹಡಗು ಎರಡು ಗಂಟೆಯೊಳಗೇ ಮುಟ್ಟುತ್ತೆ, ಆದರೆ ಅಲೆ ಎದ್ದರೆ ರದ್ದು. ವಾಪಸ್ ವಿಮಾನದ ದಿನ ಹಡಗು ಇಟ್ಕೋಬೇಡಿ.

ಕಲ್ಲುಕಂಬ: ಹತ್ತು ದಿನಕ್ಕೆ ಮಾಲ್ಟಾ ಯಾಕೆ ತುರುಕಬೇಕು? ಸಿರಾಕ್ಯೂಸಿನ ಚರ್ಚಿನ ಗೋಡೆಯಲ್ಲಿ ಅಥೇನಾ ಗುಡಿಯ ಕ್ರಿಸ್ತಪೂರ್ವ ಐದನೇ ಶತಮಾನದ ಕಂಬಗಳು ಹಾಗೇ ನಿಂತಿವೆ. ಅದೊಂದಕ್ಕೇ ಅರ್ಧ ದಿನ ಕೊಡಿ. ಮೇನಲ್ಲಿ ಹೋಗೋರಿಗೆ ಒಂದು ಮಾತು: ಸಿರಾಕ್ಯೂಸಿನ ಪುರಾತನ ಗ್ರೀಕ್ ಬಯಲು ರಂಗಮಂದಿರದಲ್ಲಿ ನಾಟಕಗಳ ಕಾಲ ಅದು, ಕಲ್ಲಿನ ಮೆಟ್ಟಿಲ ಮೇಲೆ ಮರದ ಆಸನ ಹೊದಿಸಿರ್ತಾರೆ. ಕಲ್ಲು ನೋಡೋಕೆ ಹೋದವರಿಗೆ ಹಲಗೆ ಕಾಣುತ್ತೆ.

ಎರಡನೇ ವೀಸಾ: ತುರುಕೋದು ಅಂದ್ರೆ? ವಲೆಟ್ಟಾದ ಸೇಂಟ್ ಜಾನ್ ಚರ್ಚಿನಲ್ಲಿ ಚಿತ್ರಕಾರ ಕಾರವಾಜ್ಜೊ 1608ರಲ್ಲಿ ಬರೆದ ಶಿರಚ್ಛೇದದ ಚಿತ್ರ ಇದೆ, ಅವನು ಸಹಿ ಹಾಕಿದ್ದು ಅದೊಂದಕ್ಕೇ. ರಂಗಮಂದಿರ ಕಟ್ಟಿದ್ದೇ ನಾಟಕಕ್ಕೆ ಸ್ವಾಮಿ, ಟಿಕೆಟ್ ತಗೊಂಡು ಸಂಜೆ ಕೂತ್ಕೊಳ್ಳಿ. ಕಲ್ಲೇ ಬೇಕಾದರೆ ಸಿಸಿಲಿಯದ್ದೇ ಟಾವೊರ್ಮೀನಾದ ರಂಗಮಂದಿರ ಇದೆ.

ಕಲ್ಲುಕಂಬ: ಟಾವೊರ್ಮೀನಾದ್ದು ಬಹುಪಾಲು ರೋಮನ್ನರ ಇಟ್ಟಿಗೆ. ಎರಡೂ ಒಂದೇ ಅನ್ನಬೇಡಿ.

ಹೊಸ ಪಯಣಿಗ: ಅಪ್ಪನ ಮಂಡಿ?

ಹೆದ್ದಾರಿ ಪ್ರಿಯ: ಅಗ್ರಿಜೆಂಟೊದ ಗ್ರೀಕ್ ಗುಡಿಗಳ ತಾಣದಲ್ಲಿ ಜೂನೋ ಗುಡಿಯ ಕಡೆಯ ಮೇಲಿನ ಗೇಟಿಂದ ಒಳಗೆ ಹೋಗಿ, ಕಾಂಕಾರ್ಡಿಯಾ ಗುಡಿ ದಾಟಿ ಇಳಿಜಾರಲ್ಲೇ ಸಾಗ್ತೀರಿ. ಕೆಳಗಿನ ಗೇಟಿಂದ ಹೊರಟರೆ ಪೂರ್ತಿ ಏರು, ನೆರಳಿಲ್ಲ. ಕಾರು ಮೇಲೆ ಬಿಟ್ಟಿದ್ದರೆ ಕೆಳಗಿಂದ ಟ್ಯಾಕ್ಸಿ ಹಿಡಿದು ವಾಪಸ್ ಹೋಗಿ.

ತುಂಗಾತೀರ: ಅಂದ್ರೆ ಕಾರು ಇದ್ದೂ ಟ್ಯಾಕ್ಸಿ.