ಸಹಾಯ ಬೇಕು: ಬೇಕಲದ ಹತ್ತಿರ ಮೇ ತಿಂಗಳಲ್ಲಿ ಒಂದು ವಾರಕ್ಕೆ ಮನೆ

ಕಾಸರಗೋಡು ಜಿಲ್ಲೆಯ ಬೇಕಲ, ಪಳ್ಳಿಕ್ಕರೆ ಕಡೆ ಅಡುಗೆಕೋಣೆ ಇರುವ ಇಡೀ ಮನೆ ಬಾಡಿಗೆಗೆ ಬೇಕು. ಆರು ಜನ, ಇಬ್ಬರಿಗೆ ಮೆಟ್ಟಿಲು ಹತ್ತಲಾಗದು. ಫೋಟೋ ಬೇಡ, ಫೋಟೋದಲ್ಲಿ ಎಲ್ಲ ಮನೆಯೂ ಚಂದವೇ!

ಬಾವಿಯ ನೀರು ಹೇಗಿದೆ, ಮುಖ್ಯವಾಗಿ ಅದನ್ನು ಹೇಳಿ. ಅಳಿವೆ (ನದಿ ಸಮುದ್ರ ಸೇರುವ ಜಾಗ) ಹತ್ತಿರದ ಬಾವಿಗಳಲ್ಲಿ ಬೇಸಿಗೆಗೆ ಸಿಹಿನೀರಿನ ಮಟ್ಟ ಇಳಿದರೆ ಉಪ್ಪುನೀರು ಒಳನುಗ್ಗುತ್ತದೆ. ಸೋಪು ನೊರೆ ಬರುವುದಿಲ್ಲ, ಚಹಾವೂ ಕೆಡುತ್ತದೆ. ಟ್ಯಾಂಕರ್ ತರಿಸಿದರೆ ಖರ್ಚು ಯಾರದ್ದು? ಎರಡು ಎಸಿಯ ಜೊತೆ ಪಂಪು ಹಾಕಿದರೆ ಫ್ಯೂಸ್ ಹೋಗುತ್ತದೆಯೇ, ತ್ರೀ ಫೇಸ್ ಇದೆಯೇ?

ಒಬ್ಬರದು ವಿದೇಶಿ ಪಾಸ್‌ಪೋರ್ಟ್. ಬಂದ 24 ಗಂಟೆಯೊಳಗೆ ಮನೆ ಮಾಲೀಕರೇ ಆನ್‌ಲೈನ್‌ನಲ್ಲಿ ಅವರ ವಿವರ (ಹಿಂದೆ ಫಾರ್ಮ್ ಸಿ ಎನ್ನುತ್ತಿದ್ದುದು) ಸಲ್ಲಿಸಬೇಕಾಗುತ್ತದೆ. ಅದು ಗೊತ್ತಿರುವವರಾದರೆ ಒಳ್ಳೆಯದು. ರೈಲು ಹಳಿ ಎಷ್ಟು ದೂರ ಎಂದೂ ತಿಳಿಸಿ. ಮನೆ ನೋಡಿದ ಮೇಲೆಯೇ ಅಡ್ವಾನ್ಸ್, ರಶೀದಿ ಬೇಕು.