ಅಪ್‌ಡೇಟ್: ನನ್ನ ಸ್ಕೋಡಾ ಲಾರಾ ಕಾರಿಗೆ ಕೊನೆಗೂ ಹೊಸ ಕ್ಲಚ್ ಬಂತು

ರಿಮ್ಯಾಪ್ (ಪವರ್ ಹೆಚ್ಚಿಸಲು ಎಂಜಿನ್ ಕಂಪ್ಯೂಟರ್ ಸಾಫ್ಟ್‌ವೇರ್ ಬದಲಾವಣೆ) ಮಾಡಿಸಿದ ಮೇಲೆ ನನ್ನ ಲಾರಾ ಡೀಸೆಲ್‌ನ ಕ್ಲಚ್ ಜಾರುತ್ತಿದೆ (ಎಂಜಿನ್ ಜೋರಾಗಿ ತಿರುಗಿದರೂ ಶಕ್ತಿ ಪೂರ್ತಿ ಚಕ್ರಕ್ಕೆ ಹೋಗಲ್ಲ), ಸಿರಾಮಿಕ್ ಪಕ್ ಡಿಸ್ಕ್ (ಗಟ್ಟಿ ಹಿಡಿತದ ಸಿರಾಮಿಕ್ ತುಂಡುಗಳಿರುವ ಕ್ಲಚ್ ಡಿಸ್ಕ್) ಜೊತೆ ಹಗುರ ಸಿಂಗಲ್ ಮಾಸ್ ಫ್ಲೈವೀಲ್ (ಎಂಜಿನ್ ಜೊತೆ ತಿರುಗುವ, ಕ್ಲಚ್ ಡಿಸ್ಕ್ ಒತ್ತಿ ಕೂರುವ ಚಕ್ರ; ಇದು ಒಂದೇ ತುಂಡಿನದು) ಹಾಕಿಸಲಾ ಅಂತ ಕೇಳಿದ್ದೆ ಅಲ್ವಾ? ಹಾಕಿಸಲಿಲ್ಲ. ಬೇಡ ಅಂದವರಿಗೆಲ್ಲ ನಿಜವಾಗಲೂ ಥ್ಯಾಂಕ್ಸ್.

ಮನಸ್ಸು ಬದಲಾಗಿದ್ದು ಗೆಳೆಯನ ಕಾರಿನಲ್ಲಿ. ಅವನದು ಅದೇ ಸೆಟಪ್. ಸಿಲ್ಕ್ ಬೋರ್ಡ್ ಟ್ರಾಫಿಕ್‌ನಲ್ಲಿ ಅರ್ಧ ಗಂಟೆ ಓಡಿಸಿದೆ. ಕ್ಲಚ್ ಪೆಡಲ್ ಬಿಟ್ಟಾಗೆಲ್ಲ ಕಾರು ನಡುಗುತ್ತೆ, ನ್ಯೂಟ್ರಲ್‌ನಲ್ಲಿ ಗೇರ್‌ಬಾಕ್ಸ್ ಒಳಗೆ ಡಬ್ಬಿಯಲ್ಲಿ ಕಲ್ಲು ಹಾಕಿ ಅಲ್ಲಾಡಿಸಿದ ಹಾಗೆ ಗಡಗಡ ಸದ್ದು, ಪೆಡಲ್ ಒತ್ತಿದರೆ ನಿಲ್ಲುತ್ತೆ. ಡ್ಯುಯಲ್ ಮಾಸ್ ಫ್ಲೈವೀಲ್‌ನಲ್ಲಿ ಎರಡು ಭಾಗಗಳ ನಡುವೆ ಇರುವ ಸ್ಪ್ರಿಂಗ್‌ಗಳೇ ಡೀಸೆಲ್ ಎಂಜಿನ್ನಿನ ಬಿಟ್ಟುಬಿಟ್ಟು ಬರುವ ಹೊಡೆತವನ್ನು ನುಂಗಿಕೊಳ್ಳುವುದು. ಅದನ್ನು ತೆಗೆದರೆ ಎಲ್ಲ ನೇರ ಗೇರ್‌ಬಾಕ್ಸ್‌ಗೆ.

ಹಾಗಾಗಿ ಹೊಸ ಡ್ಯುಯಲ್ ಮಾಸ್, ಆರ್ಗ್ಯಾನಿಕ್ ಡಿಸ್ಕ್ (ಮಾಮೂಲಿ ಕಾರುಗಳಲ್ಲಿರುವ ಬಗೆ), ಬಿಗಿ ಪ್ರೆಶರ್ ಪ್ಲೇಟ್ (ಡಿಸ್ಕನ್ನು ಫ್ಲೈವೀಲ್‌ಗೆ ಒತ್ತಿ ಹಿಡಿಯುವ ಭಾಗ) ಹಾಕಿಸಿದೆ. ಗೇರ್‌ಬಾಕ್ಸ್ ಹೇಗೂ ಇಳಿಸಿದ್ದರು, ರಿಲೀಸ್ ಬೇರಿಂಗೂ (ಪೆಡಲ್ ಒತ್ತಿದಾಗ ಕ್ಲಚ್ ಬಿಡಿಸುವ ಭಾಗ) ಬದಲಾಯಿಸಿದೆ. ಹಳೇ ಡಿಸ್ಕ್ ಕೈಗೆ ಕೊಟ್ಟರು: ಲೈನಿಂಗ್ ಹಿಡಿದಿರುವ ರಿವೆಟ್ ಮಟ್ಟಕ್ಕೆ ಸವೆದಿತ್ತು, ಫ್ಲೈವೀಲ್ ಮೇಲೆ ಬಿಸಿಗೆ ಆದ ನೀಲಿ ಕಲೆಗಳು.

ಹೊಸ ಕ್ಲಚ್ ಹೊಂದಿಕೊಳ್ಳಲಿ ಅಂತ ಮೊದಲ 800 ಕಿ.ಮೀ. ಊರೊಳಗೇ ಮೆತ್ತಗೆ ಓಡಿಸಿದೆ. ಆಮೇಲೆ ನಂದಿ ಬೆಟ್ಟ ಹತ್ತುವಾಗ ಮೂರನೇ ಗೇರ್‌ನಲ್ಲಿ, 2000 ಆರ್‌ಪಿಎಂನಿಂದ ಆಕ್ಸಿಲರೇಟರ್ ಪೂರ್ತಿ ತುಳಿದೆ. ಸ್ವಲ್ಪವೂ ಜಾರಲಿಲ್ಲ! ಕ್ಲಚ್ ಪೆಡಲ್ ಮಾತ್ರ ಮೊದಲಿಗಿಂತ ಸ್ವಲ್ಪ ಗಟ್ಟಿ.